ಬಾಟಮ್‌ನನ್ನು ಕಂಡು ನಗುವ ಮುನ್ನ

ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ ಪ್ರಸ್ತಾಪ ಬಂದಾಗ, ಬಾಟಮ್ ಮತ್ತು ಅವನ ಸಂಗಡಿಗರು ಶತಮೂರ್ಖರು, ಕವಿ ಅವರನ್ನು ಗೇಲಿ ಮಾಡಲೆಂದೇ ಸೃಷ್ಟಿಸಿದ್ದಾನೆ ಎಂದು ಹೇಳಿ ಮುಗಿಸುವವರುಂಟು. ಈ ತೀರ್ಪನ್ನು ನಾನು ಒಪ್ಪಲಾರೆ.

ಆ ಆರು ಮಂದಿ ಯಾರು? ನೇಕಾರ ಬಾಟಮ್, ಬಡಗಿ ಕ್ವಿನ್ಸ್, ತಿದಿ ದುರಸ್ತಿ ಮಾಡುವ ಫ್ಲೂಟ್, ಪಾತ್ರೆ ರಿಪೇರಿಯ ಸ್ನೌಟ್, ಮರಗೆಲಸದ ಸ್ನಗ್, ದರ್ಜಿ ಸ್ಟಾರ್ವ್ಲಿಂಗ್. ದುಡಿದು ದಣಿದವರು, ಬೆಳದಿಂಗಳಲ್ಲಿ ಕಾಡಿಗೆ ಹೋಗಿ ತಾಲೀಮು ನಡೆಸುತ್ತಾರೆ. ತಮ್ಮ ಸಿಂಹದ ಗರ್ಜನೆಗೆ ಅರಮನೆಯ ಸ್ತ್ರೀಯರು ಬೆದರಿದರೆ ನೇಣಾದೀತೆಂದು ಅಂಜುತ್ತಾರೆ. ನಗು ಬರುತ್ತದೆ, ನಿಜ. ಆದರೆ ಆ ಅಂಜಿಕೆ ಹುಟ್ಟುವುದು ದಡ್ಡತನದಿಂದಲ್ಲ, ಬಡತನದಿಂದ. ಬಾಟಮ್ ಕಾಣೆಯಾದಾಗ ಫ್ಲೂಟ್ ಮರುಗುವುದೇತಕ್ಕೆ? ದೊರೆಯಿಂದ ಬದುಕಿರುವವರೆಗೂ ದೊರೆಯಬಹುದಾಗಿದ್ದ ದಿನಕ್ಕೆ 6 ಪೆನ್ಸ್ ಗೆಳೆಯನ ಕೈತಪ್ಪಿತಲ್ಲಾ ಎಂದು!

ಇನ್ನು ಅವರನ್ನು ನೋಡಿ ನಕ್ಕ ಕುಲೀನರ ಯೋಗ್ಯತೆಯೇನು? ಹೂವಿನ ರಸ ಕಣ್ಣಿಗೆ ಬಿದ್ದೊಡನೆ ಅದೇ ಕಾಡಿನಲ್ಲಿ ಪ್ರೇಯಸಿಯನ್ನು ಹಳಿದು, ಕತ್ತಿ ಹಿರಿದು ಕೂಗಾಡಿದವನು ಲೈಸ್ಯಾಂಡರ್. ಕತ್ತೆಯ ತಲೆ ಹೊತ್ತಾಗಲೂ ಯಕ್ಷಿಣಿಯ ಪರಿಚಾರಕರ ಹೆಸರು ಕೇಳಿ, ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಮಾತನಾಡಿಸಿದವನು ಬಾಟಮ್. ಸಂಸ್ಕಾರ ಯಾರದ್ದು?

ಕವಿಗೆ ಈ ಜನ ಪರಕೀಯರಲ್ಲ. ಅವನ ತಂದೆ ಕೈಗವಸು ತಯಾರಿಸುತ್ತಿದ್ದವನು. 1576ರಲ್ಲಿ ಲಂಡನ್ನಿನಲ್ಲಿ ‘ದಿ ಥಿಯೇಟರ್’ ಕಟ್ಟಿಸಿದ ಜೇಮ್ಸ್ ಬರ್ಬೇಜ್ ಮೂಲತಃ ಮರಗೆಲಸದವನು. ಷೇಕ್ಸ್‌ಪಿಯರನ ಊರಿಗೆ ಸಮೀಪದ ಕವೆಂಟ್ರಿಯಲ್ಲಿ 1579ರವರೆಗೂ ಕಸುಬುದಾರರ ಸಂಘಗಳೇ ಬೈಬಲ್ಲಿನ ಕಥೆಗಳನ್ನು ಆಡುತ್ತಿದ್ದವು. ವೃತ್ತಿನಟರಾದರೂ ಎಷ್ಟು ದೊಡ್ಡವರು? ಕುಲೀನರ ಆಶ್ರಯವಿಲ್ಲದೆ ಅಲೆಯುವ ನಟರನ್ನು 1572ರ ಶಾಸನ ಶಿಕ್ಷಾರ್ಹ ಅಲೆಮಾರಿಗಳ ಸಾಲಿಗೆ ಸೇರಿಸಿತ್ತು. ಅಂಥ ಲೋಕದಲ್ಲಿ ಬದುಕಿದವನು ಬಾಟಮ್‌ನನ್ನು ಮೇಲೆ ನಿಂತು ಹೀಯಾಳಿಸಿದನೆಂದರೆ ನಂಬುವುದು ಹೇಗೆ?

ಸಂಶಯವಿದ್ದವರು ‘ಲವ್ಸ್ ಲೇಬರ್ಸ್ ಲಾಸ್ಟ್’ ಓದಲಿ. ಅಲ್ಲಿ ರಂಗವೇರಿ ನಗೆಪಾಟಲಾಗುವವರಲ್ಲಿ ನನ್ನ ವೃತ್ತಿಬಾಂಧವನಾದ ಶಾಲಾಮಾಸ್ತರ ಹೊಲೊಫರ್ನಿಸ್ ಒಬ್ಬ. ಅವನು ಒಣಪಂಡಿತ, ಒಪ್ಪಿದೆ. ಆದರೂ ಇದು ಸಜ್ಜನರ ನಡತೆಯಲ್ಲವೆಂದು ಆಸ್ಥಾನಿಕರ ಮುಖಕ್ಕೇ ಹೇಳಿ ರಂಗದಿಂದಿಳಿಯುವ ಧೈರ್ಯವನ್ನು ಕವಿ ಅವನಿಗೆ ಕೊಟ್ಟಿದ್ದಾನೆ.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಪಾಠ ಹೇಳುತ್ತಿರುವವರಿಗೆ ಒಂದು ಮಾತು. ಬಾಟಮ್‌ನನ್ನು ತೋರಿಸಿ ಮಕ್ಕಳನ್ನು ಧಾರಾಳವಾಗಿ ನಗಿಸಿರಿ. ಆದರೆ ಮಗ್ಗದ ಮುಂದೆ ಕುಳಿತವನಿಗೆ ನಾಟಕವೇಕೆ ಎಂದು ಅವರು ನಗದಂತೆ ನೋಡಿಕೊಳ್ಳಿರಿ.