ಗಣಕದ ಕಟ್ಟೆ: ಹತ್ತು ಬೈಟಿನ ಬೀಗದ ಕೈ

ಹಳೆಯ ಲೆಕ್ಕಪತ್ರಗಳಿರುವ ಡಾಸ್ ಯಂತ್ರವೊಂದು ನಿಮ್ಮ ಅಂಗಡಿಯ ಮೂಲೆಯಲ್ಲಿ ಇನ್ನೂ ಉಳಿದಿದ್ದರೆ, ಅದರ ಕೀಲಿಮಣೆಯ ಬಲಭಾಗವನ್ನು ಒಮ್ಮೆ ನೋಡಿ. 8, 4, 6, 2 ಅಂಕಿಗಳ ಜೊತೆಗೆ ಬಾಣದ ಗುರುತುಗಳೂ ಇರುತ್ತವೆ. ಒತ್ತಿದ್ದು ಅಂಕಿಯೋ ಬಾಣವೋ ಎಂದು ತೀರ್ಮಾನಿಸುವುದು ನಮ್ ಲಾಕ್ ಕೀಲಿ. ಒಂದು ಸಾಲು ಮೇಲೆ ಹೋಗೋಣವೆಂದು ಒತ್ತಿದ ಬಾಣ 8 ಆಗಿ ಮೊತ್ತದ ತುದಿಗೆ ಅಂಟಿಕೊಂಡರೆ 450 ರೂಪಾಯಿ 4508 ಆಗುತ್ತದೆ. ಯಂತ್ರಕ್ಕೆ ಅದು ತಪ್ಪೆಂದು ತಿಳಿಯುವುದಿಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಬೈಗುಳ ತಿನ್ನುವವರು ಗುಮಾಸ್ತರು.

ಈ ತೊಡಕು ಬಂದದ್ದು ಹೇಗೆ? 1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಇದ್ದದ್ದು 83 ಕೀಲಿಗಳು. ಬಾಣಗಳಿಗೆ ಬೇರೆ ಜಾಗವಿರಲಿಲ್ಲ. ಬೀಗ ಬಿದ್ದಿದೆಯೋ ಇಲ್ಲವೋ ತೋರಿಸುವ ದೀಪವೂ ಇರಲಿಲ್ಲ. ದೀಪಗಳು ಬಂದದ್ದು 1984ರ ಪಿಸಿ ಎಟಿಯೊಂದಿಗೆ. 1986ರಲ್ಲಿ 101 ಕೀಲಿಗಳ ಮಣೆ ಬಂದು ಬಾಣಗಳಿಗೆ ಸ್ವಂತ ಮನೆ ಸಿಕ್ಕಿತು. ಇನ್ನು ಬಲಗಡೆಯದು ಅಂಕಿಗಳಿಗೇ ಇರಲಿ ಎಂದು, ಯಂತ್ರ ಶುರುವಾಗುವಾಗಲೇ ನಮ್ ಲಾಕ್ ಬೀಳುವಂತೆ ಮಾಡಿದರು. ಹಳೆಯ ಮಣೆಯಲ್ಲಿ ಕೈ ಪಳಗಿದವರಿಗೆ ದಿನಾ ಬೆಳಿಗ್ಗೆ ಬೀಗ ತೆಗೆಯುವ ಕೆಲಸ ಗಂಟುಬಿತ್ತು.

ಇದಕ್ಕೆ ಮದ್ದಾಗಿ ಬಂದವು ಪುಟ್ಟ ಪುಟ್ಟ ಪ್ರೋಗ್ರಾಮುಗಳು. ಗುಟ್ಟು ಇಷ್ಟೇ: ಈ ಬೀಗಗಳು ಕೀಲಿಯೊಳಗೆ ಇಲ್ಲ, ಯಂತ್ರದ ನೆನಪಿನಲ್ಲಿವೆ. 1047ನೆಯ ವಿಳಾಸದಲ್ಲಿರುವ ಒಂದೇ ಬೈಟಿನಲ್ಲಿ ಸ್ಕ್ರೋಲ್ ಲಾಕ್‌ಗೆ 16, ನಮ್ ಲಾಕ್‌ಗೆ 32, ಕ್ಯಾಪ್ಸ್ ಲಾಕ್‌ಗೆ 64ರ ಗುರುತು. ಆ ವಿಳಾಸಕ್ಕೆ ಹೋಗಿ 32ರ ಗುರುತನ್ನು ಅಳಿಸಿ ಹೊರಬಂದರೆ ನಮ್ ಲಾಕ್ ತೆರೆದಂತೆಯೇ. ಯಂತ್ರಭಾಷೆಯಲ್ಲಿ ಈ ಕೆಲಸ ಹತ್ತು ಬೈಟುಗಳಲ್ಲಿ ಮುಗಿಯುತ್ತದೆ. ನಿಮ್ಮ ಪೂರ್ತಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು ಅದಕ್ಕಿಂತ ಹೆಚ್ಚು ಜಾಗ ಬೇಕಾದೀತು! ಡಾಸ್ ಜೊತೆಗೇ ಬರುತ್ತಿದ್ದ ಡೀಬಗ್‌ನಲ್ಲಿ ಅದನ್ನು ಬರೆದಿಟ್ಟು, ಆಟೋಎಕ್ಸೆಕ್ ಕಡತದಲ್ಲಿ ಅದರ ಹೆಸರು ಸೇರಿಸಿದರೆ ಸಾಕು, ದಿನದ ರಗಳೆ ತಪ್ಪುತ್ತದೆ. 1993ರಲ್ಲಿ ಬಂದ ಎಂಎಸ್-ಡಾಸ್ 6ರಲ್ಲಿ ಇದೇ ಕೆಲಸಕ್ಕೆ ಕಾನ್ಫಿಗ್ ಕಡತದಲ್ಲಿ ಒಂದು ಸಾಲಿನ ಅನುಕೂಲವೂ ದೊರೆಯಿತು.

ಒಂದು ಎಚ್ಚರಿಕೆ. ಬೈಟನ್ನು ನೇರವಾಗಿ ಬದಲಿಸಿದಾಗ ಕೆಲವು ಯಂತ್ರಗಳಲ್ಲಿ ದೀಪ ತಕ್ಷಣ ಬದಲಾಗದು. ದೀಪವನ್ನು ನಂಬುವ ಮೊದಲು ಒಂದು ಅಂಕಿ ಒತ್ತಿ ನೋಡಿ.

ಕ್ಯಾಪ್ಸ್ ಲಾಕಿನ ಕಾಟ ನಮಗೆ, ಕನ್ನಡ ಬರೆಯುವವರಿಗೆ, ಇನ್ನೊಂದು ಬಗೆಯದು. 1998ರಲ್ಲಿ ಬಂದ ಬರಹ ತಂತ್ರಾಂಶದಲ್ಲಿ ಚಿಕ್ಕ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಹಲ್ಲಿಗೂ ಹಳ್ಳಿಗೂ ಅಷ್ಟೇ ಅಂತರ. ಊರಿನ ಹಳ್ಳಿಯ ಬಗ್ಗೆ ಬರೆಯಹೊರಟು ಗೋಡೆಯ ಮೇಲಿನ ಪ್ರಾಣಿಯ ಬಗ್ಗೆ ಬರೆದಂತಾಗಬಾರದಲ್ಲ!

ಈಗಿನ ವಿಂಡೋಸ್‌ನಲ್ಲಿ 1047ರ ಉಪಾಯ ನಡೆಯುವುದಿಲ್ಲ. ಅಲ್ಲಿ ಟಾಗಲ್ ಕೀಸ್ ಎಂಬ ಸೌಲಭ್ಯವಿದೆ. ವಿಂಡೋಸ್ 95ರಲ್ಲೂ ಇತ್ತು. ಅದನ್ನು ಚಾಲೂ ಮಾಡಿದರೆ ಬೀಗ ಬಿದ್ದಾಗ ಏರುದನಿ, ತೆರೆದಾಗ ಇಳಿದನಿ ಕೇಳಿಸುತ್ತದೆ. ಸಣ್ಣ ದೀಪ ಕಾಣಿಸದ ಹಿರಿಯರಿಗೆ, ದೃಷ್ಟಿ ಇಲ್ಲದವರಿಗೆ ಇದು ದೊಡ್ಡ ಉಪಕಾರ. ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪಾಗಿ, ಬ್ಯಾಂಕಿನ ಖಾತೆಗೇ ಬೀಗ ಬೀಳುವ ಮುನ್ನ ಕಿವಿ ಎಚ್ಚರಿಸುತ್ತದೆ. ಮನೆಯ ಹಿರಿಯರ ಗಣಕದಲ್ಲಿ ಈ ಭಾನುವಾರವೇ ಅದನ್ನು ಹಾಕಿಕೊಡಿ.