ಬೀಗ ಬಿದ್ದದ್ದು ಯಾರ ಹೊಟ್ಟೆಗೆ?

ಗೆರೆ ಎಂದರೇನು ಅಂತ ನಮಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಊರಿಗೂ ಕೇರಿಗೂ ನಡುವೆ ಗೆರೆ ಎಳೆದವರು ಯಾರು, ಗೆರೆ ದಾಟಿ ದುಡಿಯೋಕೆ ಬಾ, ನೀರು ಮುಟ್ಟೋಕೆ ಮಾತ್ರ ಬರಬೇಡ ಎಂದವರು ಯಾರು, ಎಲ್ಲ ನಮಗೆ ಗೊತ್ತಿದೆ. ಅದಕ್ಕೇ ದೇಶ ದೇಶಗಳ ನಡುವಿನ ಗೆರೆಯ ಬಗ್ಗೆ ದೊಡ್ಡವರು ಎದೆ ತಟ್ಟಿಕೊಂಡು ಭಾಷಣ ಬಿಗಿಯುವಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಗೆರೆಯ ಬಾಗಿಲು ತೆರೆದರೆ ಉಣ್ಣುವವರು ಯಾರು, ಮುಚ್ಚಿದರೆ ಉಪವಾಸ ಬೀಳುವವರು ಯಾರು?

ಪಂಜಾಬಿನ ಅಟ್ಟಾರಿಯನ್ನೇ ತಗೊಳ್ಳಿ. ಸಂಜೆ ಹೊತ್ತು ಎರಡೂ ದೇಶದ ಸಿಪಾಯಿಗಳು ಕಾಲೆತ್ತಿ ನೆಲಕ್ಕೆ ಅಪ್ಪಳಿಸುವುದನ್ನು ನೋಡಲು ಜನ ಜಾತ್ರೆ ಸೇರುವ ಜಾಗ ಅದು. ಅದರ ಪಕ್ಕದಲ್ಲೇ 2012ರಲ್ಲಿ ದೊಡ್ಡ ಚೆಕ್‌ಪೋಸ್ಟ್ ತೆರೆಯಿತು. ಪಾಕಿಸ್ತಾನದ ಲಾರಿಯಿಂದ ಸಿಮೆಂಟು, ಜಿಪ್ಸಮ್, ಉತ್ತತ್ತಿ ಇಳಿಸಿ ನಮ್ಮ ಲಾರಿಗೆ ಏರಿಸುವ ಕೆಲಸ ಸಾವಿರಕ್ಕೂ ಮೀರಿದ ಹಮಾಲಿಗಳದಾಗಿತ್ತು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯಾದ ಮೇಲೆ ದಿಲ್ಲಿ ಸರ್ಕಾರ ಪಾಕಿಸ್ತಾನದ ಸರಕಿಗೆ ಶೇಕಡಾ 200 ಸುಂಕ ಹಾಕಿತು. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರವನ್ನೇ ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರ ಕೊಲೆಯಾದ ಮೇಲೆ ಚೆಕ್‌ಪೋಸ್ಟಿಗೇ ಬೀಗ ಬಿತ್ತು. ಕೊಲೆಗಡುಕರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದೂಕು ಹಿಡಿದವನು ಉತ್ತತ್ತಿ ಮೂಟೆಯ ಮೇಲೆ ಕೂತು ಬಂದಿದ್ದನೆ? ಹಮಾಲಿಯ ಹೆಂಡತಿ ಮಕ್ಕಳು ಮಾಡಿದ ತಪ್ಪಾದರೂ ಏನು?

ದೊಡ್ಡ ವ್ಯಾಪಾರಿಗೆ ಬೇರೆ ದಾರಿ ಇರುತ್ತದೆ. ಅವನಿಗೆ ದುಬೈ ಇದೆ. ಪಾಕಿಸ್ತಾನದ ಸರಕು ದುಬೈ ಬಂದರಿಗೆ ಹೋಗಿ, ಹೆಸರು ಬದಲಾಯಿಸಿಕೊಂಡು ನಮ್ಮ ಬಂದರಿಗೆ ಬರುತ್ತದೆ. 2025ರಲ್ಲಿ ಕಂದಾಯ ಗುಪ್ತಚರ ಇಲಾಖೆಯವರು ಹೀಗೆ ಬಂದ 39 ಕಂಟೇನರ್ ಹಿಡಿದರು. ಹಿಡಿದದ್ದು ಇಷ್ಟು, ಹಿಡಿಯದೆ ಬಿಟ್ಟದ್ದೆಷ್ಟೋ! ಸಮುದ್ರ ಸುತ್ತಿ ಬಂದ ಖರ್ಚನ್ನು ಕೊನೆಗೆ ತೆರುವವನು ಅಂಗಡಿಯಲ್ಲಿ ಕಾಲು ಕಿಲೋ ಕೊಳ್ಳುವವನೇ. ಹಮಾಲಿಗೆ ಯಾವ ದುಬೈಯೂ ಇಲ್ಲ.

ಮಡಿವಂತರ ವ್ರತಕ್ಕೆ ಶ್ರೇಷ್ಠ ಎನ್ನುವ ಸೈಂಧವ ಲವಣದ ಹೆಸರೇ ಸಿಂಧೂ ಸೀಮೆಯದು. ಪಾಕಿಸ್ತಾನದ ಖೇವ್ರಾ ಗಣಿಯಲ್ಲಿ ಅಲ್ಲಿನ ಕೂಲಿಯವನು ಅಗೆದ ಉಪ್ಪು ಇಲ್ಲಿನ ಮಡಿ ಅಡುಗೆಗೆ ಬರುತ್ತಿತ್ತು. ಉಪ್ಪಿಗೆ ಮೈಲಿಗೆ ತಟ್ಟಲಿಲ್ಲ, ಅಗೆದವನು ಮಾತ್ರ ಶತ್ರು! ಈ ನ್ಯಾಯ ನಮಗೆ ಹೊಸದಲ್ಲ. ನಾವು ಬೆಳೆದ ಭತ್ತ ಅವರ ಕಣಜಕ್ಕೆ ಆಗುತ್ತದೆ, ನಾವು ಅವರ ಹೊಸ್ತಿಲಿಗೆ ಆಗುವುದಿಲ್ಲ.

ವಿಶ್ವಬ್ಯಾಂಕ್ ನಮ್ಮ ನೆಂಟನೇನೂ ಅಲ್ಲ. ಆದರೂ ಅದರ 2018ರ ಲೆಕ್ಕ ನೋಡಿ. ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮ ತಮ್ಮೊಳಗಿನದು ಶೇಕಡಾ 5ರ ಆಸುಪಾಸು. ಆಗ್ನೇಯ ಏಷ್ಯಾದಲ್ಲಿ ಇದು ಶೇಕಡಾ 25ರಷ್ಟು. ಭಾರತದ ಕಂಪನಿಗೆ ನೆರೆದೇಶದ ಜೊತೆ ವ್ಯಾಪಾರ ಮಾಡುವುದಕ್ಕಿಂತ ದೂರದ ಬ್ರೆಜಿಲ್ ಜೊತೆ ಮಾಡುವುದು ಸುಮಾರು ಶೇಕಡಾ 20ರಷ್ಟು ಅಗ್ಗವಂತೆ. ಪಕ್ಕದ ಮನೆ ಒಲೆಯಲ್ಲಿ ಕೆಂಡ ಇರುವಾಗ ಏಳು ಊರು ದಾಟಿ ಬೆಂಕಿ ತರುವ ಜಾಣರಿವರು.

ಸಾರ್ಕ್ ಎಂಬ ಕೂಟ ಹುಟ್ಟಿದ್ದು 1985ರಲ್ಲಿ ಢಾಕಾದಲ್ಲಿ. ಅದರ ಎರಡನೆಯ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1986ರ ನವೆಂಬರ್‌ನಲ್ಲಿ. 2006ರಲ್ಲಿ ಮುಕ್ತ ವ್ಯಾಪಾರದ ಒಪ್ಪಂದವೂ ಜಾರಿಗೆ ಬಂತು. 2014ರಲ್ಲಿ ಕಠ್ಮಂಡುವಿನಲ್ಲಿ ಕೂತೆದ್ದ ನಾಯಕರು ಆಮೇಲೆ ಮತ್ತೆ ಒಟ್ಟಿಗೆ ಕೂತಿಲ್ಲ. ಶತ್ರುವಿನ ಜೊತೆ ವ್ಯಾಪಾರವೆ ಅಂತ ಕೇಳುವವರಿಗೆ ಒಂದು ಮಾತು. ಎರಡು ಮಹಾಯುದ್ಧಗಳಲ್ಲಿ ಲಕ್ಷಾಂತರ ಜನರನ್ನು ಪರಸ್ಪರ ಕೊಂದ ಫ್ರಾನ್ಸ್ ಮತ್ತು ಜರ್ಮನಿ, ಯುದ್ಧ ಮುಗಿದ ಆರೇ ವರ್ಷಕ್ಕೆ, 1951ರಲ್ಲಿ, ಇನ್ನು ನಾಲ್ಕು ದೇಶಗಳನ್ನು ಸೇರಿಸಿಕೊಂಡು ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ಪ್ರೀತಿ ಉಕ್ಕಿ ಹಾಗೆ ಮಾಡಲಿಲ್ಲ. ಫಿರಂಗಿ ಮಾಡುವ ಉಕ್ಕು ಇಬ್ಬರ ಕಣ್ಣೆದುರಿಗೂ ಇರಲಿ ಅಂತ ಮಾಡಿದರು.

ನಮ್ಮಲ್ಲೂ ಜನರಿಗೆ ದಕ್ಕುವ ದಾರಿ ಇಲ್ಲದಿಲ್ಲ. 2011ರ ಜುಲೈನಲ್ಲಿ ಮೇಘಾಲಯದ ಕಲೈಚರ್ ಹತ್ತಿರ, ಬಾಂಗ್ಲಾದೇಶದ ಕುರಿಗ್ರಾಮ್ ಜಿಲ್ಲೆಗೆ ತಾಗಿದಂತೆ, ಗಡಿಗೆರೆಯ ಮೇಲೇ ಒಂದು ಸಂತೆ ಶುರುವಾಯಿತು. ಗೆರೆಯಿಂದ ಐದು ಕಿಲೋಮೀಟರ್ ಒಳಗಿನ ಹಳ್ಳಿಯವರೇ ಅಲ್ಲಿ ಮಾರಬೇಕು. ತರಕಾರಿ, ಹಣ್ಣು, ಬಿದಿರಿನ ಸಾಮಾನು, ಲುಂಗಿ, ವ್ಯವಸಾಯದ ಸಲಕರಣೆ ಇಂಥವಕ್ಕೆ ಸುಂಕ ಇಲ್ಲ. ರೂಪಾಯಿಯೂ ನಡೆಯುತ್ತೆ, ಟಾಕಾವೂ ನಡೆಯುತ್ತೆ. ರಾತ್ರಿ ಕಳ್ಳದಾರಿ ಹಿಡಿದು ಗುಂಡಿಗೆ ಎದೆಯೊಡ್ಡುವ ಬದಲು ಹಗಲಲ್ಲೇ ಬುಟ್ಟಿ ಇಟ್ಟುಕೊಂಡು ಕೂತು ಮಾರಬಹುದು. ಆಮೇಲೆ ತ್ರಿಪುರಾದಲ್ಲೂ ಇಂಥ ಸಂತೆಗಳಾದವು. 2020ರಲ್ಲಿ ಕೋವಿಡ್ ಬಂದಾಗ ಇವನ್ನೂ ಮುಚ್ಚಿದರು.

ಕರೆಂಟಿನ ವಿಷಯಕ್ಕೆ ಬನ್ನಿ. ಮಳೆಗಾಲದಲ್ಲಿ ಹೊಳೆ ತುಂಬಿ ನೇಪಾಳದಲ್ಲಿ ಕರೆಂಟು ಮಿಗುತ್ತದೆ. ಚಳಿಗಾಲದಲ್ಲಿ ಹೊಳೆ ಸೊರಗಿ ನೇಪಾಳವೇ ಭಾರತದಿಂದ ಕೊಳ್ಳುತ್ತದೆ. ಒಬ್ಬರಿಗೆ ಮಿಕ್ಕಿದ್ದು ಇನ್ನೊಬ್ಬರಿಗೆ ಬೇಕಾದ್ದು. 2024ರ ಅಕ್ಟೋಬರ್‌ನಲ್ಲಿ ಮೂರು ದೇಶಗಳ ನಡುವೆ ಒಪ್ಪಂದವಾಯಿತು. ವರ್ಷವರ್ಷವೂ ಜೂನ್ 15ರಿಂದ ನವೆಂಬರ್ 15ರವರೆಗೆ 40 ಮೆಗಾವ್ಯಾಟ್, ಭಾರತದ ತಂತಿಯ ಮೇಲೆ ಹಾದು, ಬಾಂಗ್ಲಾದೇಶಕ್ಕೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ನಿಜ. ಆದರೆ ಮೂರು ದೇಶ ಒಂದು ತಂತಿ ಹಿಡಿಯಬಹುದು ಎಂಬುದಂತೂ ಸಾಬೀತಾಯಿತು.

ನಮ್ಮ ಗೆಳೆಯರೇ ಕೆಲವರು ಕೇಳುತ್ತಾರೆ: ಗಡಿ ತೆರೆದರೆ ಬಂಡವಾಳಶಾಹಿಗೆ ತಾನೆ ಹಬ್ಬ? ಸರಿಯಾದ ಪ್ರಶ್ನೆ. ಝಾರ್ಖಂಡಿನ ಗೊಡ್ಡಾದಲ್ಲಿ ಬಾಂಗ್ಲಾದೇಶಕ್ಕೆ ಮಾರಲೆಂದೇ 1600 ಮೆಗಾವ್ಯಾಟಿನ ಖಾಸಗಿ ಕಲ್ಲಿದ್ದಲು ಸ್ಥಾವರ ಎದ್ದಿತು. ಭೂಮಿ ಬಿಡುವುದಿಲ್ಲ ಅಂತ ಸಂತಾಲರು ಪ್ರತಿಭಟಿಸಿದರು. ಅದೂ ಸಹಕಾರವಂತೆ! ಗೊಡ್ಡಾಗೆ ಉತ್ತರ ಅಟ್ಟಾರಿಯ ಬೀಗವಲ್ಲ. ಬಾಗಿಲು ತೆಗೆಯಬೇಕು, ಮೊದಲು ಒಳಗೆ ಹೋಗುವವರು ಬುಟ್ಟಿ ಹೊತ್ತವರಾಗಬೇಕು.

ಇದು ದೂರದ ಕತೆ ಅಂತ ಸುಮ್ಮನಿರಬೇಡಿ. 2019ರ ಸೆಪ್ಟೆಂಬರ್ 29ರಂದು ದಿಲ್ಲಿ ಈರುಳ್ಳಿ ರಫ್ತು ನಿಲ್ಲಿಸಿತು. ಢಾಕಾದಲ್ಲಿ ಬೆಲೆ ಉರಿದು, ಅಡುಗೆಗೆ ಈರುಳ್ಳಿ ಹಾಕಬೇಡ ಎಂದು ಅಡುಗೆಯವನಿಗೆ ಹೇಳಿದ್ದೇನೆ ಅಂತ ಬಾಂಗ್ಲಾದ ಅಂದಿನ ಪ್ರಧಾನಿ ಶೇಖ್ ಹಸೀನಾ ದಿಲ್ಲಿಗೇ ಬಂದು ಕುಟುಕಿದರು. ಅದೇ ಆದೇಶ ಚಿಕ್ಕಬಳ್ಳಾಪುರ, ಕೋಲಾರದ ‘ಬೆಂಗಳೂರು ರೋಸ್’ ಬೆಳೆದವನ ಕತ್ತನ್ನೂ ಹಿಸುಕಿತು. ಆ ಸಣ್ಣ ಈರುಳ್ಳಿಗೆ ಇಲ್ಲಿ ಗಿರಾಕಿ ಇಲ್ಲ, ಅದು ಹೊರದೇಶಕ್ಕೆಂದೇ ಬೆಳೆಯುವ ಬೆಳೆ. ಒಂದೇ ಕಾಗದ ಅಲ್ಲಿ ಉಣ್ಣುವವನನ್ನೂ ಇಲ್ಲಿ ಬೆಳೆಯುವವನನ್ನೂ ಹೊಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ, 2023ರ ಡಿಸೆಂಬರ್‌ನಲ್ಲಿ ಮತ್ತೆ ಅದೇ ಪಾಡು.

ಗೆಳೆಯರೆ, ಮೇಷ್ಟ್ರುಗಳೆ, ಶಾಲೆಯಲ್ಲಿ ಭೂಪಟ ಬಿಚ್ಚಿದಾಗ ಮಕ್ಕಳಿಗೆ ಗೆರೆ ತೋರಿಸಿ, ಗೆರೆಯ ಎರಡೂ ಬದಿಯ ಹಮಾಲಿಯನ್ನೂ ತೋರಿಸಿ. ನಾವು ಕೇಳೋದು ಭಿಕ್ಷೆಯಲ್ಲ. ಗಡಿಯ ಸಂತೆಗಳು ಎಲ್ಲ ಗಡಿಯಲ್ಲೂ ಆಗಲಿ. ಬಾಗಿಲು ಮುಚ್ಚುವ ಸರ್ಕಾರ ಕೆಲಸ ಕಳಕೊಂಡ ಹಮಾಲಿಗೆ ಕೂಲಿ ಕಟ್ಟಿಕೊಡಲಿ. ಬಿತ್ತನೆಗೆ ಮುಂಚೆ ಹೇಳದೆ ರಫ್ತು ನಿಲ್ಲಿಸುವ ಅಧಿಕಾರ ಯಾವ ಮಂತ್ರಿಗೂ ಬೇಡ. ಬೀಗದ ಕೈ ಇವತ್ತು ದಿಲ್ಲಿಯಲ್ಲಿದೆ, ಇಸ್ಲಾಮಾಬಾದಿನಲ್ಲಿದೆ, ಢಾಕಾದಲ್ಲಿದೆ. ಅದು ಮೂಟೆ ಹೊರುವವರ ಕೈಗೂ ಬರಬೇಕು.