ಅಮೆಜಾನ್ ಒಳ್ಳೆಯದೋ ಕೆಟ್ಟದ್ದೋ? ಮೊದಲು ಬಿಲ್ ಯಾರು ಕಟ್ಟುತ್ತಿದ್ದಾರೆ ನೋಡಿ

ಕಳೆದ ತಿಂಗಳು ಮೆಲ್ಬರ್ನ್‌ಗೆ ಹೋಗಿದ್ದಾಗ ಹಳೆಯ ಗೆಳೆಯನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಬಿಸಿಬೇಳೆಬಾತ್ ಮುಗಿಯುವಷ್ಟರಲ್ಲಿ ಮಾತು ಅಮೆಜಾನ್ ಕಡೆ ತಿರುಗಿತು. ಒಬ್ಬ, "ಕೆಲಸದವರನ್ನು ಹಿಂಡೋ ಕಂಪನಿ, ಅದರ ಷೇರು ನಾನು ಮುಟ್ಟಲ್ಲ" ಎಂದ. ಇನ್ನೊಬ್ಬ, "ಸಾವಿರಾರು ಜನಕ್ಕೆ ಕೆಲಸ ಕೊಟ್ಟಿದೆ, ಸುಮ್ಮನೆ ಬಯ್ಯಬೇಡ" ಎಂದ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ನೀನು ಅನಲಿಸ್ಟ್ ತಾನೇ, ಹೇಳಪ್ಪ" ಎಂದರು.

ನಾನು ಮೊದಲು ಕೇಳಿದ್ದು, "ನಿನ್ನ ಸೂಪರ್ ಎಲ್ಲಿದೆ?" ಎಂದು. ಷೇರು ಮುಟ್ಟಲ್ಲ ಎಂದವನು ಫೋನ್ ತೆಗೆದು ನೋಡಿದ. ಅಂತರರಾಷ್ಟ್ರೀಯ ಷೇರುಗಳ ಇಂಡೆಕ್ಸ್ ಆಯ್ಕೆಯಲ್ಲಿ ಅಮೆಜಾನ್ ಮೊದಲ ಹತ್ತರ ಪಟ್ಟಿಯಲ್ಲೇ ಇತ್ತು. 2025ರ ಜುಲೈ 1ರಿಂದ ನಮ್ಮ ಸಂಬಳದ ಮೇಲೆ ಶೇ. 12ರಷ್ಟು ಸೂಪರ್‌ಗೆ ಹೋಗುತ್ತಿದೆ. ಅಂದರೆ ಈ ದೇಶದಲ್ಲಿ ಸಂಬಳ ತೆಗೆದುಕೊಳ್ಳುವ ನಮ್ಮಲ್ಲಿ ಹೆಚ್ಚಿನವರು, ಬೇಕೋ ಬೇಡವೋ, ಈ ಕಂಪನಿಯ ಚೂರು ಮಾಲೀಕರೇ. ಹಾಗಾಗಿ ಹೊರಗೆ ನಿಂತು ತೀರ್ಪು ಕೊಡುವ ಸೌಲಭ್ಯ ನಮಗಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಎಂದೂ ಮುಗಿಯುವುದಿಲ್ಲ. ಲೆಕ್ಕ ಗೊತ್ತಿರುವವರು ಕೇಳಬೇಕಾದದ್ದು ಬೇರೆ: ಈ ಲಾಭದಲ್ಲಿ ಎಷ್ಟು ಭಾಗದ ಖರ್ಚನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ? ಆ ಖರ್ಚಿಗೆ ಮೀಟರ್ ಇದೆಯೋ ಇಲ್ಲವೋ?

ಮೊದಲು ದುಡಿಮೆಯ ಮೀಟರ್ ನೋಡೋಣ. ಅಮೆಜಾನ್ ಫ್ಲೆಕ್ಸ್‌ನಲ್ಲಿ ಜನ ತಮ್ಮದೇ ಕಾರಿನಲ್ಲಿ ಪಾರ್ಸೆಲ್ ಹಂಚುತ್ತಾರೆ. ಅವರು ಉದ್ಯೋಗಿಗಳಲ್ಲ, ಗುತ್ತಿಗೆದಾರರು. 2022ರ ಫೆಬ್ರವರಿಯಲ್ಲಿ ನ್ಯೂ ಸೌತ್ ವೇಲ್ಸ್‌ನ ಕೈಗಾರಿಕಾ ಸಂಬಂಧಗಳ ಆಯೋಗ ಈ ಚಾಲಕರಿಗೆ ಕನಿಷ್ಠ ದರ ನಿಗದಿ ಮಾಡಿತು. ಅದು ಹಂತಹಂತವಾಗಿ ಏರಿ 2025ರ ಜುಲೈ ವೇಳೆಗೆ ಗಂಟೆಗೆ ಕನಿಷ್ಠ 37.80 ಡಾಲರ್ ಆಗಬೇಕು ಎಂದಿತು. ಆದರೆ ಆ ಆದೇಶ ನ್ಯೂ ಸೌತ್ ವೇಲ್ಸ್‌ಗೆ ಮಾತ್ರ. ಅದೇ ಆ್ಯಪ್, ಅದೇ ಡಬ್ಬ, ಅದೇ ಪೆಟ್ರೋಲ್. ಸಿಡ್ನಿಯಲ್ಲಿ ಓಡಿಸಿದರೆ ಆಯೋಗದ ರಕ್ಷಣೆ ಇತ್ತು, ಮೆಲ್ಬರ್ನ್‌ನಲ್ಲಿ ಓಡಿಸಿದರೆ ಆ ರಕ್ಷಣೆ ಇರಲಿಲ್ಲ.

ದರ ನಿಗದಿಯಾದ ಮೇಲೆ ಕಂಪನಿ ಸಿಡ್ನಿ ಬಿಟ್ಟು ಓಡಿತೇ? ಇಲ್ಲ. ಅದೇ 2022ರಲ್ಲಿ ಪಶ್ಚಿಮ ಸಿಡ್ನಿಯ ಕೆಂಪ್ಸ್ ಕ್ರೀಕ್‌ನಲ್ಲಿ ನಾಲ್ಕು ಮಹಡಿಯ, ಸುಮಾರು 2 ಲಕ್ಷ ಚದರ ಮೀಟರ್‌ನ ರೋಬೋಟ್ ಗೋದಾಮು ತೆರೆಯಿತು. "ನಿಯಮ ತಂದರೆ ಹೂಡಿಕೆ ಹೋಗುತ್ತದೆ" ಎಂದು ಹೇಳುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಇದರ ಬೆಲೆ ನನಗೆ ತಿಳಿದದ್ದು ಸ್ಪ್ರೆಡ್‌ಶೀಟ್‌ನಿಂದಲ್ಲ. ನಮ್ಮ ಪರಿಚಯದ ಹುಡುಗನೊಬ್ಬ, ಹಾಸನದ ಕಡೆಯವನು, ಮಾಸ್ಟರ್ಸ್ ಓದುತ್ತಾ ಒಂದು ಸಣ್ಣ ಪಾರ್ಸೆಲ್ ಸಂಸ್ಥೆಗೆ (ಅಮೆಜಾನ್ ಅಲ್ಲ) ಕಾರು ಓಡಿಸುತ್ತಿದ್ದ. "ಅಂಕಲ್, ಗಂಟೆಗೆ 30 ಡಾಲರ್ ಬರುತ್ತೆ" ಎಂದು ಖುಷಿಯಲ್ಲಿದ್ದ. ಒಂದು ಭಾನುವಾರ ಕೂರಿಸಿಕೊಂಡು ಪೆಟ್ರೋಲ್, ಟೈರು, ಇನ್ಶೂರೆನ್ಸ್, ಲೋಡ್‌ಗಾಗಿ ಕಾಯುವ ಹೊತ್ತು ಎಲ್ಲ ಬರೆಸಿದೆ. ಖರ್ಚು ಕಳೆದು ಉಳಿದದ್ದು 2025ರ ಜುಲೈನಿಂದ ಜಾರಿಗೆ ಬಂದಿದ್ದ ದೇಶದ ಕನಿಷ್ಠ ವೇತನವಾದ 24.95 ಡಾಲರ್‌ಗಿಂತ ಕಡಿಮೆ. ಸೂಪರ್ ಇಲ್ಲ, ರಜೆ ಇಲ್ಲ. ಅವನು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, "ಹಾಗಾದ್ರೆ ಉಳಿದ ದುಡ್ಡು ನನ್ನ ಕಾರೇ ಕೊಡ್ತಾ ಇತ್ತಾ?" ಎಂದ. ಕಾರಿನ ಸವಕಳಿ ಯಾರದೋ ಲಾಭವಾಗುವುದು ಹೀಗೆ.

2024ರ ಆಗಸ್ಟ್‌ನಿಂದ ಇಂಥ ಕೆಲಸಗಾರರಿಗೆ ಕನಿಷ್ಠ ಮಟ್ಟ ನಿಗದಿ ಮಾಡುವ ಅಧಿಕಾರ ಇಡೀ ದೇಶದ ಮಟ್ಟದಲ್ಲಿ ಫೇರ್ ವರ್ಕ್ ಕಮಿಷನ್‌ಗೆ ಸಿಕ್ಕಿದೆ. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2025ರ ಗಿಗ್ ಕಾರ್ಮಿಕರ ಕಾನೂನಿನಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕಕ್ಕೆ ಅವಕಾಶವಿದೆ. ಅಂದರೆ ಈ ಖರ್ಚು ಇವತ್ತಲ್ಲ ನಾಳೆ ಕಂಪನಿಯ ಪುಸ್ತಕಕ್ಕೆ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದ ಹೂಡಿಕೆದಾರ ಲಾಭವನ್ನು ಹೆಚ್ಚಾಗಿ ಅಂದಾಜು ಮಾಡುತ್ತಿದ್ದಾನೆ.

ಎರಡನೆಯದು ನೀರು ಮತ್ತು ಕರೆಂಟು. 2025ರ ಜೂನ್‌ನಲ್ಲಿ ಅಮೆಜಾನ್ 2029ರವರೆಗೆ ಆಸ್ಟ್ರೇಲಿಯಾದ ಡೇಟಾ ಸೆಂಟರ್‌ಗಳಿಗೆ 2,000 ಕೋಟಿ ಆಸ್ಟ್ರೇಲಿಯನ್ ಡಾಲರ್ ಹಾಕುವುದಾಗಿ ಹೇಳಿತು. ಜೊತೆಗೆ ವಿಕ್ಟೋರಿಯಾ ಮತ್ತು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೂರು ಹೊಸ ಸೋಲಾರ್ ಫಾರ್ಮ್‌ಗಳಿಗೆ ಹಣ ಹಾಕುವುದನ್ನೂ ಸೇರಿಸಿತು. ಇದು ಒಳ್ಳೆಯದೇ. ಆದರೆ ಸೋಲಾರ್ ಹಗಲಿಗೆ, ಡೇಟಾ ಸೆಂಟರ್ ಹಗಲಿರುಳೂ. ಅಮೆಜಾನ್ ಒಂದೇ ಅಲ್ಲ, ಎಲ್ಲ ಕಂಪನಿಗಳ ಡೇಟಾ ಸೆಂಟರ್ ಸೇರಿ ಗ್ರಿಡ್ಡಿನ ಸುಮಾರು ಶೇ. 2ರಷ್ಟು ಕರೆಂಟ್ ಬಳಸುತ್ತಿವೆ, ಈ ದಶಕದ ಕೊನೆಗೆ ಅದು ಸುಮಾರು ಶೇ. 6 ಆಗಬಹುದು ಎಂಬುದು ಗ್ರಿಡ್ ನಿರ್ವಾಹಕ ಎಇಎಂಒದ ಅಂದಾಜು. ಹೊಸ ಲೈನು, ಸಬ್‌ಸ್ಟೇಷನ್ ಹಾಕಿದರೆ ಆ ಖರ್ಚು ಯಾರ ಬಿಲ್ಲಿಗೆ ಸೇರುತ್ತದೆ? ಡೇಟಾ ಸೆಂಟರ್‌ನವರೇ ಕೊಟ್ಟರೆ ಸರಿ. ಇಲ್ಲದಿದ್ದರೆ ನಮ್ಮ ನಿಮ್ಮ ಮೂರು ತಿಂಗಳ ಬಿಲ್ಲಿಗೆ.

ನೀರಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ ಅಮ್ಮ ಫೋನಿನಲ್ಲಿ ಟ್ಯಾಂಕರ್ ಕಥೆ ಹೇಳುತ್ತಿದ್ದಳು. ಸಿಡ್ನಿಯಲ್ಲೂ 2019ರ ಡಿಸೆಂಬರ್‌ನಲ್ಲಿ ಎರಡನೇ ಹಂತದ ನಿರ್ಬಂಧ ಬಂದು ತೋಟಕ್ಕೆ ಪೈಪು ಬಿಟ್ಟು ಕ್ಯಾನ್ ಹಿಡಿದಿದ್ದೆವು. ಸರ್ವರ್‌ಗಳನ್ನು ನೀರಿನ ಆವಿಯಿಂದ ತಂಪು ಮಾಡುವ ಕಟ್ಟಡಗಳು ಹೆಚ್ಚಾಗುವಾಗ, ಮುಂದಿನ ಬರಗಾಲದಲ್ಲಿ ಮೊದಲು ಯಾರ ನಲ್ಲಿ ನಿಲ್ಲುತ್ತದೆ ಎಂದು ಈಗಲೇ ಕೇಳಬೇಕು. ಸಂಸ್ಕರಿಸಿದ ನೀರನ್ನೇ ಬಳಸಿ ಎಂಬ ಷರತ್ತನ್ನು ಅನುಮತಿ ಕೊಡುವಾಗ ಹಾಕುವುದು ಅಗ್ಗ, ಆಮೇಲೆ ಹಾಕುವುದು ದುಬಾರಿ.

ಮೂರನೆಯದು ಇಂಗಾಲ. 2040ಕ್ಕೆ ನೆಟ್ ಝೀರೋ ಎಂದು ಕಂಪನಿ 2019ರಲ್ಲಿ ಮಾತು ಕೊಟ್ಟಿತು. ಅದರದ್ದೇ ವರದಿಗಳ ಪ್ರಕಾರ ಆ ವರ್ಷದ ಹೊರಸೂಸುವಿಕೆ ಸುಮಾರು 5.1 ಕೋಟಿ ಟನ್, 2024ರಲ್ಲಿ ಸುಮಾರು 6.8 ಕೋಟಿ ಟನ್. ವ್ಯಾಪಾರ ಇನ್ನೂ ವೇಗವಾಗಿ ಬೆಳೆದಿದೆ ಎಂಬ ಸಮರ್ಥನೆ ನಿಜವೇ. ಆದರೆ ಸಾಲ ತೀರಿಸುತ್ತೇನೆ ಎಂದವನ ಅಸಲು ಏರುತ್ತಲೇ ಇದ್ದರೆ, ಬ್ಯಾಂಕಿನವರು ಅವನ ಆದಾಯದ ಗ್ರಾಫ್ ನೋಡಿ ಸುಮ್ಮನಿರುತ್ತಾರೆಯೇ?

ಹಾಗಾದರೆ ಮಾರಿಬಿಡಬೇಕೇ? ನಾನು ಮಾರಿಲ್ಲ. ನಾನು ಮಾರಿದ ಷೇರನ್ನು ಇನ್ನೊಬ್ಬ ಕೊಳ್ಳುತ್ತಾನೆ, ಅವನು ಪ್ರಶ್ನೆ ಕೇಳದವನೂ ಆಗಿರಬಹುದು. 2022ರ ಷೇರುದಾರರ ಸಭೆಯಲ್ಲಿ ಗೋದಾಮುಗಳ ಕೆಲಸದ ಪರಿಸ್ಥಿತಿಯನ್ನು ಸ್ವತಂತ್ರವಾಗಿ ತಪಾಸಣೆ ಮಾಡಿಸಿ ಎಂಬ ನಿರ್ಣಯಕ್ಕೆ ಸುಮಾರು ಶೇ. 44 ಮತ ಬಿತ್ತು. ಸೋತಿತು, ನಿಜ. ಆದರೆ ಆ ಮತಗಳಲ್ಲಿ ನಿಮ್ಮ ಸೂಪರ್ ಫಂಡಿನದ್ದೂ ಇತ್ತೇ? ಬಹಳಷ್ಟು ಫಂಡುಗಳು ತಾವು ಹಾಕಿದ ಮತಗಳ ವಿವರವನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ. ಸಿಗದಿದ್ದರೆ ಸದಸ್ಯ ಸಂಖ್ಯೆ ಹಾಕಿ ಎರಡು ಸಾಲಿನ ಇಮೇಲ್ ಬರೆಯಿರಿ: "ನನ್ನ ಹಣದ ಮತ ಹೇಗೆ ಹಾಕಿದಿರಿ, ಯಾಕೆ?" ನಾನು ಬರೆದಿದ್ದೇನೆ. ಮೆಲ್ಬರ್ನ್ ಗೆಳೆಯರಿಬ್ಬರಿಗೂ ಅದರ ನಕಲು ಕಳಿಸಿದ್ದೇನೆ.

ಹಾಸನದ ಹುಡುಗ ಆ ಕೆಲಸ ಬಿಟ್ಟು ಈಗ ಒಂದು ಗೋದಾಮಿನಲ್ಲಿ ಸಂಬಳದ ಕೆಲಸಕ್ಕೆ ಸೇರಿದ್ದಾನೆ. ಮೊದಲ ಪೇಸ್ಲಿಪ್ಪಿನ ಫೋಟೋ ಕಳಿಸಿ, ಸೂಪರ್ ಎಂಬ ಸಾಲಿಗೆ ಗುರುತು ಹಾಕಿ, "ಅಂಕಲ್, ಇದನ್ನ ಯಾವುದರಲ್ಲಿ ಹಾಕಲಿ?" ಎಂದು ಕೇಳಿದ್ದಾನೆ.

(ಇದು ನನ್ನ ವೈಯಕ್ತಿಕ ಅಭಿಪ್ರಾಯ, ಹೂಡಿಕೆ ಸಲಹೆಯಲ್ಲ. ನನ್ನ ಸೂಪರ್‌ನಲ್ಲೂ ಇಂಡೆಕ್ಸ್ ಫಂಡಿನ ಮೂಲಕ ಅಮೆಜಾನ್ ಷೇರು ಇದೆ.)